ಮನೆಯಲ್ಲಿ ಬದಲಿ ವಿದ್ಯುತ್ತು: ಆಯ್ಕೆ, ಆರೈಕೆ ಮತ್ತು ಆರೋಗ್ಯ

ವಿದ್ಯುಚ್ಛಕ್ತಿಯ ವಿಷಯದಲ್ಲಿ ಕನ್ನಡಿಗರಾದ ನಾವು ಹೆಮ್ಮೆಪಡುವುದಕ್ಕೆ ಸಕಾರಣವಿದೆ. 1902ರಷ್ಟು ಹಿಂದೆಯೇ ಶಿವನಸಮುದ್ರದಲ್ಲಿ ಉತ್ಪಾದನೆಯಾದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಟಾಟಾ ಸಂಸ್ಥೆಯ ಖೋಪೋಲಿ ಜಲವಿದ್ಯುತ್ ಕೇಂದ್ರ ಮುಂಬಯಿಗಾಗಿ ಕಾರ್ಯಾರಂಭ ಮಾಡಿದುದು ಅನಂತರ, 1915ರಲ್ಲಿ. ಹೀಗಿದ್ದರೂ ನಮ್ಮಲ್ಲಿ ಬಹುಮಂದಿಗೆ ಬಾಲ್ಯದ ನೆನಪೆಂದರೆ ಚಿಮಿಣಿ ದೀಪದ ಬೆಳಕು, ಮಳೆಗಾಲದ ಗಾಳಿಗೆ ತಂತಿಯ ಮೇಲೆ ಮರ ಬಿದ್ದು ಎರಡು ಮೂರು ದಿನ ಕತ್ತಲಲ್ಲಿರುತ್ತಿದ್ದ ಊರು. ಅಲ್ಲಿ ಕತ್ತಲೆಯೊಡನೆ ಬಾಳುವ ಅಭ್ಯಾಸವಿತ್ತು. ಬಾವಿಯಲ್ಲಿ ಹಗ್ಗವಿತ್ತು, ಗೋಡೆಯ ಮೊಳೆಯಲ್ಲಿ ಲಾಟೀನು ಇತ್ತು. ಮುಂಬಯಿಗೆ ಬಂದ ಮೇಲೆ ವಿದ್ಯುತ್ತು ಸದಾ ಇರುವ ವಸ್ತುವಾಯಿತು. ಜೊತೆಯಲ್ಲಿಯೇ ಆ ಅಭ್ಯಾಸವೂ ಮರೆತುಹೋಯಿತು.

ಈ ಮರವೆಯ ಬೆಲೆಯೆಷ್ಟೆಂಬುದನ್ನು 2020ರ ಅಕ್ಟೋಬರ್ 12ರ ಸೋಮವಾರ ನಮಗೆ ತಿಳಿಸಿಕೊಟ್ಟಿತು. ಅಂದು ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಮುಂಬಯಿ, ಠಾಣೆ ಹಾಗೂ ನವಿಮುಂಬಯಿಗಳಲ್ಲಿ ಒಮ್ಮೆಲೇ ವಿದ್ಯುತ್ತು ನಿಂತಿತು. ಕಳವಾ ಹಾಗೂ ಪಡಘಾ ಕೇಂದ್ರಗಳ ನಡುವಣ ಭಾರಿ ಒತ್ತಡದ ತಂತಿಮಾರ್ಗಗಳು ವಿಫಲಗೊಂಡವು. ಹೊರಗಿನ ಜಾಲ ಕುಸಿದಾಗ ನಗರವನ್ನು ಪ್ರತ್ಯೇಕಿಸಿ ಉಳಿಸಿಕೊಳ್ಳಲೆಂದೇ ದಶಕಗಳಿಂದ ಇದ್ದ ವ್ಯವಸ್ಥೆಯೂ ಅಂದು ಕೈಕೊಟ್ಟಿತು. ಲೋಕಲ್ ಗಾಡಿಗಳು ಹಳಿಗಳ ಮೇಲೆಯೇ ನಿಂತವು. ಕೆಲವು ಕಡೆ ಎರಡು ಗಂಟೆಗಳಲ್ಲಿ ವಿದ್ಯುತ್ತು ಮರಳಿತಾದರೂ ಎಷ್ಟೋ ಭಾಗಗಳು ಸಂಜೆಯವರೆಗೂ ಕಾಯಬೇಕಾಯಿತು. ಕೋವಿಡ್ ಮಹಾಮಾರಿಯ ದಿನಗಳವು. ಉಸಿರಾಟಕ್ಕೆ ಯಂತ್ರವನ್ನು ನಂಬಿದವರು ಮನೆಮನೆಯಲ್ಲಿದ್ದರು.

ಕಾಂದಿವಲಿಯಲ್ಲಿ ನಾನು ವಾಸಿಸುವ ಕಟ್ಟಡದ ಏಳನೆಯ ಮಾಳಿಗೆಯಲ್ಲಿ ನಮ್ಮ ಜಿಲ್ಲೆಯವರೇ ಆದ ವೃದ್ಧ ತಾಯಿಯೊಬ್ಬರಿದ್ದರು. ಶ್ವಾಸಕೋಶದ ಹಳೆಯ ಕಾಯಿಲೆಯ ಕಾರಣ ಹಗಲಿರುಳೂ ಅವರಿಗೆ ಆಕ್ಸಿಜನ್ ಕಾನ್ಸಂಟ್ರೇಟರ್ ಬೇಕಿತ್ತು. ಮಗ ತಾಯಿಗಾಗಿಯೇ ಇನ್ವರ್ಟರ್ ತಂದು ಕೂರಿಸಿದ್ದರು. ಆದರೆ ಅಂದು ದೀಪ, ಫ್ಯಾನುಗಳು ನಡೆದವು, ಆಕ್ಸಿಜನ್ ಯಂತ್ರ ಮಾತ್ರ ನಿಂತಿತು. ಏಕೆಂದರೆ ಅದನ್ನು ಜೋಡಿಸಿದ್ದ ಪ್ಲಗ್ಗಿಗೆ ಇನ್ವರ್ಟರಿನ ತಂತಿಯನ್ನೇ ಎಳೆದಿರಲಿಲ್ಲ. ಅವಸರದಲ್ಲಿ ಉದ್ದದ ವೈರು ಹಾಕಿ ಯಂತ್ರವನ್ನು ಎಬ್ಬಿಸಿದರೆ, ವರ್ಷದಿಂದ ನೀರು ಕಾಣದ ಬ್ಯಾಟರಿ ನಲವತ್ತು ನಿಮಿಷಗಳಲ್ಲಿ ಸೋತಿತು. ಲಿಫ್ಟ್ ನಿಂತಿತ್ತು. ಕೊನೆಗೆ ಪಕ್ಕದ ಕಟ್ಟಡದಲ್ಲಿದ್ದ ಸಣ್ಣ ಆಕ್ಸಿಜನ್ ಸಿಲಿಂಡರೊಂದನ್ನು ಇಬ್ಬರು ತರುಣರು ಏಳು ಮಾಳಿಗೆ ಹೊತ್ತು ತಂದರು. ಕಿಟಕಿಯ ಬಳಿ ಕುಳಿತು ಏದುಸಿರು ಬಿಡುತ್ತಿದ್ದ ಆ ತಾಯಿ ಮಗನನ್ನು ಕೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಮಗಾ, ಇಷ್ಟೆಲ್ಲ ಮೆಷಿನು ತಂದಿಟ್ಟದ್ದು ಯಾಕೆ ಹಾಗಾದರೆ?"

ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ. ಬದಲಿ ವಿದ್ಯುತ್ತಿನ ಯಂತ್ರ ಮನೆಯಲ್ಲಿದ್ದ ಮಾತ್ರಕ್ಕೆ ಸಾಲದು; ಅದು ಯಾರಿಗಾಗಿ, ಯಾವುದಕ್ಕಾಗಿ, ಎಷ್ಟು ಹೊತ್ತಿಗಾಗಿ ಎಂಬುದು ಮೊದಲೇ ನಿಶ್ಚಯವಾಗಿರಬೇಕು. ಇಲ್ಲವಾದರೆ ಅದು ಕೆಲಸದ ಹೊತ್ತಿನಲ್ಲಿ ಕೈಕೊಡುವುದು. ತಪ್ಪಾದ ಜಾಗದಲ್ಲಿಟ್ಟರೆ ಪ್ರಾಣವನ್ನೇ ತೆಗೆಯುವುದೂ ಉಂಟು.

ಮೊದಲನೆಯ ಪ್ರಶ್ನೆ

ಅಂಗಡಿಗೆ ಹೋಗುವ ಮುನ್ನ ಕಾಗದವೊಂದನ್ನು ತೆಗೆದುಕೊಂಡು, ಮನೆಯಲ್ಲಿ ನಿಲ್ಲಲೇಬಾರದ ವಸ್ತುಗಳು ಯಾವುವೆಂದು ಬರೆಯಿರಿ. ಎದುರಿಗೆ ಪ್ರತಿಯೊಂದೂ ಎಳೆಯುವ ವಿದ್ಯುತ್ತನ್ನು ವಾಟ್‌ಗಳಲ್ಲಿ ನಮೂದಿಸಿರಿ. ಹಳೆಯ ಮಾದರಿಯ ಸೀಲಿಂಗ್ ಫ್ಯಾನಿಗೆ ಸುಮಾರು 75 ವಾಟ್ ಬೇಕು. ಈಚೆಗೆ ಬಂದಿರುವ ಬಿ.ಎಲ್.ಡಿ.ಸಿ. ಫ್ಯಾನಿಗೆ 30 ವಾಟ್‌ನಷ್ಟು ಸಾಕು. ಎಲ್.ಇ.ಡಿ. ಟ್ಯೂಬಿಗೆ 20, ವೈಫೈ ಪೆಟ್ಟಿಗೆಗೆ 15, ನಿಮಿಷಕ್ಕೆ 5 ಲೀಟರ್ ಸಾಮರ್ಥ್ಯದ ಆಕ್ಸಿಜನ್ ಯಂತ್ರಕ್ಕೆ ಸುಮಾರು 350 ವಾಟ್. ಖಚಿತ ಅಂಕೆ ಆಯಾ ಯಂತ್ರದ ಹಿಂಬದಿಯ ಫಲಕದಲ್ಲಿರುತ್ತದೆ.

ಈಗ ಒಂದು ಲೆಕ್ಕ ನೋಡೋಣ. ಎರಡು ಫ್ಯಾನು, ಮೂರು ಟ್ಯೂಬು, ಒಂದು ವೈಫೈ ಎಂದರೆ 225 ವಾಟ್. ಸಾಮಾನ್ಯವಾಗಿ ಮನೆಗಳಲ್ಲಿ ಕಾಣುವ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯ ಶಕ್ತಿ ಗುಣಾಕಾರದಿಂದ 1800 ವಾಟ್-ಗಂಟೆ. ಅದರಲ್ಲಿ ಇನ್ವರ್ಟರಿನ ನಷ್ಟ, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದೆಂಬ ಮಿತಿ ಇವನ್ನೆಲ್ಲ ಕಳೆದರೆ ಕೈಗೆ ಬರುವುದು ನೂರಕ್ಕೆ ಅರವತ್ತರಷ್ಟು, ಅಂದರೆ ಸುಮಾರು 1080. ಇದನ್ನು 225ರಿಂದ ಭಾಗಿಸಿದರೆ ನಾಲ್ಕು ಮುಕ್ಕಾಲು ಗಂಟೆ. ಇದಕ್ಕೆ ಆಕ್ಸಿಜನ್ ಯಂತ್ರದ 350 ವಾಟ್ ಕೂಡಿಸಿದೊಡನೆ ಒಟ್ಟು 575 ವಾಟ್ ಆಗಿ, ಬ್ಯಾಟರಿ ಎರಡು ಗಂಟೆಯೂ ಬಾಳಲಾರದು. ಅದೂ ಬ್ಯಾಟರಿ ಹೊಸದಾಗಿದ್ದರೆ. ಏಳನೆಯ ಮಾಳಿಗೆಯ ಆ ಮನೆಯಲ್ಲಿ ಈ ಭಾಗಾಕಾರವನ್ನು ಯಾರೂ ಮಾಡಿರಲಿಲ್ಲ.

ಫ್ಲ್ಯಾಟಿಗೆ ಯಾವುದು?

ಕಾಂದಿವಲಿಯ ಚಾಳು, ಚಾರ್ಕೋಪಿನ ಸಾಲುಮನೆ, ಠಾಕುರ್ ವಿಲೇಜಿನ ಗಗನಚುಂಬಿ ಕಟ್ಟಡ, ಇವುಗಳಲ್ಲಿ ಎಲ್ಲಿಯೇ ವಾಸವಿದ್ದರೂ ಮನೆಯೊಳಗಿನ ಬಳಕೆಗೆ ತಕ್ಕುದು ಬ್ಯಾಟರಿ ಸಹಿತವಾದ ಇನ್ವರ್ಟರ್. ಅದರಲ್ಲಿ ಹೊಗೆಯಿಲ್ಲ, ಸದ್ದಿಲ್ಲ, ಪೆಟ್ರೋಲು ಶೇಖರಿಸಿಡುವ ಅಪಾಯವಿಲ್ಲ. ಕೊಳ್ಳುವಾಗ ಮೂರು ವಿಷಯಗಳನ್ನು ಗಮನಿಸತಕ್ಕದ್ದು.

ಒಂದನೆಯದಾಗಿ, ಅದರ ವಿದ್ಯುತ್ತು 'ಶುದ್ಧ ಸೈನ್ ವೇವ್' ಮಾದರಿಯದಾಗಿರಬೇಕು. ಅಗ್ಗದ ಚೌಕಾಕಾರದ ಅಲೆಯ ಇನ್ವರ್ಟರಿನಲ್ಲಿ ಫ್ಯಾನು ಗುಂಯ್‌ಗುಡುತ್ತದೆ; ವೈದ್ಯಕೀಯ ಉಪಕರಣಗಳು ಹಾಗೂ ಮೋಟರುಗಳು ಬಿಸಿಯೇರುತ್ತವೆ. ಎರಡನೆಯದಾಗಿ, ಇನ್ವರ್ಟರಿನ ಸಾಮರ್ಥ್ಯವನ್ನು ವಿ.ಎ.ಗಳಲ್ಲಿ ಹೇಳುತ್ತಾರೆ. ನಮ್ಮ ಒಟ್ಟು ವಾಟ್‌ಗಳನ್ನು 0.8ರಿಂದ ಭಾಗಿಸಿ, ಬಂದುದಕ್ಕೆ ಕಾಲುಭಾಗ ಕೂಡಿಸಿದರೆ ಸರಿಯಾದ ಅಳತೆ ದೊರೆಯುವುದು. ಮೇಲಿನ 575 ವಾಟ್‌ಗೆ 900 ವಿ.ಎ. ದರ್ಜೆಯದು ಬೇಕಾಗುತ್ತದೆ. ಇನ್ವರ್ಟರ್ ದೊಡ್ಡದಾದರೆ ಹೆಚ್ಚು ಹೊತ್ತು ನಡೆಯುವುದೆಂಬ ನಂಬಿಕೆ ತಪ್ಪು: ಎಷ್ಟು ಭಾರ ಹೊರಬಲ್ಲದೆಂಬುದನ್ನು ಇನ್ವರ್ಟರ್ ನಿರ್ಧರಿಸುತ್ತದೆ, ಎಷ್ಟು ಹೊತ್ತು ಎಂಬುದನ್ನು ಬ್ಯಾಟರಿ ನಿರ್ಧರಿಸುತ್ತದೆ. ಮೂರನೆಯದಾಗಿ, ಅನುಮತಿಯುಳ್ಳ ವೈರ್‌ಮನ್ನನಿಂದ ಯಾವ ಯಾವ ಪ್ಲಗ್ಗುಗಳಿಗೆ ಬದಲಿ ವಿದ್ಯುತ್ತು ಬರುವುದೆಂಬುದನ್ನು ಕೇಳಿ ತಿಳಿದು, ಆ ಪ್ಲಗ್ಗುಗಳ ಮೇಲೆ ಕೆಂಪು ಬೊಟ್ಟು ಅಂಟಿಸಬೇಕು. ಕತ್ತಲಲ್ಲಿ ಮನೆಯ ಹೆಂಗಸರು ಮಕ್ಕಳಿಗೂ ಅದು ತಿಳಿಯಬೇಕು.

ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಡುತ್ತದೆ. ಅದು ಕಿಡಿ ತಾಗಿದರೆ ಸಿಡಿಯುವಂಥದು. ಆದುದರಿಂದ ಬ್ಯಾಟರಿಯನ್ನು ಮುಚ್ಚಿದ ಕಪಾಟಿನಲ್ಲಾಗಲಿ, ನಂದಾದೀಪ ಉರಿಯುವ ದೇವರ ಗೂಡಿನ ಕೆಳಗಾಗಲಿ ಇಡಕೂಡದು. ಸ್ಥಳದ ಅಭಾವವುಳ್ಳ ನಮ್ಮ ಮನೆಗಳಲ್ಲಿ ಈ ತಪ್ಪು ಸರ್ವೇಸಾಮಾನ್ಯ. ಈಚಿನ ಲಿಥಿಯಂ ಬ್ಯಾಟರಿಗಳಿಗೆ ನೀರು ಹಾಕುವ ಗೊಡವೆಯಿಲ್ಲ, ಅವು ಜಾಗವನ್ನೂ ಕಡಿಮೆ ಬೇಡುತ್ತವೆ; ಬೆಲೆ ಮಾತ್ರ ಹೆಚ್ಚು.

ಕಾಣದ ವಿಷ

"ಸಣ್ಣ ಪೆಟ್ರೋಲ್ ಜನರೇಟರ್ ತಂದು ಬಾಲ್ಕನಿಯಲ್ಲಿಟ್ಟರೆ ಹೇಗೆ?" ಎಂದು ಕೇಳುವವರುಂಟು. ಉತ್ತರ ಒಂದೇ: ಕೂಡದು. ಅಡಿಗೆಮನೆಯ ಹಿಂದಿನ ಸಂದಿಯಲ್ಲಿ, ಮೆಟ್ಟಿಲ ಕೆಳಗೆ, ಅಂಗಡಿಯ ಅಟ್ಟದಲ್ಲಿ, ಹೋಟೆಲಿನ ಹಿಂಭಾಗದ ಮುಚ್ಚಿದ ಓಣಿಯಲ್ಲಿ ಸಹ ಕೂಡದು.

ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರಾಡಿದರೆ ಗಂಟಲು ಕೆರೆಯುವುದೂ ಇಲ್ಲ. ನಮ್ಮ ರಕ್ತದ ಹಿಮೊಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ ಗಾಳಿಯಲ್ಲಿ ಆಮ್ಲಜನಕ ಸಾಕಷ್ಟಿದ್ದರೂ ಅದು ಮೆದುಳಿಗೂ ಹೃದಯಕ್ಕೂ ತಲಪದು. ಮೊದಲು ತಲೆನೋವು, ತಲೆಸುತ್ತು, ಓಕರಿಕೆ, ಕೈಕಾಲುಗಳಲ್ಲಿ ನಿತ್ರಾಣ; ಬಳಿಕ ಬುದ್ಧಿಭ್ರಮೆ, ಪ್ರಜ್ಞೆ ತಪ್ಪುವುದು. ನಿದ್ರೆಯಲ್ಲಿರುವವರು ಏಳದೆಯೇ ಹೋಗಬಹುದು. ಗರ್ಭಿಣಿಯರು, ಹಸುಳೆಗಳು, ಹೃದ್ರೋಗಿಗಳು ಹಾಗೂ ರಕ್ತಹೀನತೆಯುಳ್ಳವರು ಬೇಗನೆ ಬಲಿಯಾಗುತ್ತಾರೆ. ಮನೆಯಲ್ಲಿ ಒಬ್ಬರಿಗೆ ತಲೆನೋವು ಬಂದರೆ ಅದು ಬೇರೆ ಕಾರಣದಿಂದಿರಬಹುದು. ಎಂಜಿನ್ನು ನಡೆಯುತ್ತಿರುವಾಗ ಎಲ್ಲರಿಗೂ ಒಟ್ಟಿಗೆ ಬಂದರೆ ಇದೇ ಎಂದು ತಿಳಿದು ಆ ಕ್ಷಣವೇ ಹೊರಗೆ ಬರಬೇಕು.

ಕೋವಿಡ್ ಕಾಲದಲ್ಲಿ ನಾವೆಲ್ಲ ಕೊಂಡಿಟ್ಟ ಬೆರಳಿನ ಆಕ್ಸಿಮೀಟರನ್ನು ಇಲ್ಲಿ ನಂಬುವಂತಿಲ್ಲ. ಕಾರ್ಬನ್ ಮೊನಾಕ್ಸೈಡ್ ತುಂಬಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಎಣಿಸಿ 98 ಎಂದು ತೋರಿಸೀತು. ರೋಗಿಯನ್ನು ಬಯಲಿಗೆ ತಂದು, ಎಂಜಿನ್ನಿನ ಹೊಗೆ ಕುಡಿದುದನ್ನು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು. ಸಾಮಾನ್ಯ ಗಾಳಿಯಲ್ಲಿ ರಕ್ತದಿಂದ ಈ ವಿಷದ ಅರ್ಧಭಾಗ ಇಳಿಯಲು ನಾಲ್ಕೈದು ಗಂಟೆ ಬೇಕು. ಆಸ್ಪತ್ರೆಯಲ್ಲಿ ಮಾಸ್ಕಿನ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಒಂದು ಒಂದೂವರೆ ಗಂಟೆ ಸಾಕು. ಆದುದರಿಂದ ವಿಳಂಬ ಸಲ್ಲದು.

ಈ ಅಪಾಯ ಹಿಂದುಳಿದ ದೇಶಗಳದು ಮಾತ್ರವೆಂದು ತಿಳಿಯಬೇಕಾಗಿಲ್ಲ. 2020ರ ಆಗಸ್ಟಿನಲ್ಲಿ ಅಮೇರಿಕೆಯ ಲೂಸಿಯಾನಾ ರಾಜ್ಯಕ್ಕೆ 'ಲಾರಾ' ಚಂಡಮಾರುತ ಬಡಿದಾಗ, ಗಾಳಿಮಳೆಯಿಂದ ಪಾರಾಗಿ ಉಳಿದ ಹಲವರು ಮನೆಯ ಜನರೇಟರಿನ ಹೊಗೆಯಿಂದ ಸತ್ತರು. ಮನೆಯಿಂದ ಕನಿಷ್ಠ 20 ಅಡಿ ದೂರದ ಬಯಲಿನಲ್ಲಿ, ಹೊಗೆಕೊಳವೆ ಮನೆಗೆ ಬೆನ್ನು ಮಾಡಿರುವಂತೆ ಯಂತ್ರವನ್ನಿಡಬೇಕೆಂಬುದು ಅಲ್ಲಿಯ ಅಧಿಕೃತ ಸೂಚನೆ. ಬಾಗಿಲು ಕಿಟಕಿ ತೆರೆದಿಟ್ಟರೆ ಸಾಕೆಂಬ ಭಾವನೆ ಸರಿಯಲ್ಲ. ಗಾಳಿ ಬೀಸಿದತ್ತ ಹೊಗೆ ಒಳಗೇ ಬರುತ್ತದೆ. ಮುಂಬಯಿಯ ಮುಚ್ಚಿದ ಸ್ನಾನದ ಕೋಣೆಗಳಲ್ಲಿ ಗ್ಯಾಸ್ ಗೀಸರಿನಿಂದ ಸಂಭವಿಸುವ ಮರಣಗಳಿಗೂ ಇದೇ ಅನಿಲ ಕಾರಣವೆಂಬುದನ್ನು ಪ್ರಸಂಗವಶಾತ್ ಇಲ್ಲಿ ನೆನಪಿಸಬೇಕು.

ಊರಿನ ಮನೆಗೆ ಜನರೇಟರ್

ಹಾಗಾದರೆ ಜನರೇಟರ್ ಬೇಡವೇ ಎಂದರೆ, ಊರಿನಲ್ಲಿ ತಂದೆತಾಯಿಗಳಿರುವ ಮನೆಗೆ ಅದು ಉಪಯುಕ್ತವೇ. ಅಂಗಳವಿದೆ, ತೋಟವಿದೆ, ಹೊಗೆ ಹೋಗಲು ಬಯಲಿದೆ. ಮಳೆಗಾಲದಲ್ಲಿ ವಿದ್ಯುತ್ತು ದಿನಗಟ್ಟಲೆ ಇಲ್ಲದಾಗ ಬ್ಯಾಟರಿ ಸಾಲದು. ಆದರೆ ಕೊಳ್ಳುವವರು ಮುಂಬಯಿಯಲ್ಲಿದ್ದು, ನಡೆಸುವವರು ಎಪ್ಪತ್ತು ದಾಟಿದ ಹಿರಿಯರಾಗಿರುವುದರಿಂದ ಹಗ್ಗ ಎಳೆಯುವುದರ ಜೊತೆಗೆ ಗುಂಡಿಯೊತ್ತಿಯೂ ಹೊರಡಿಸಬಹುದಾದ ಯಂತ್ರವನ್ನೇ ಆರಿಸತಕ್ಕದ್ದು.

ಸಾಮರ್ಥ್ಯದ ಲೆಕ್ಕ ಇಲ್ಲಿ ಸ್ವಲ್ಪ ಬೇರೆ. ಮೋಟರುಳ್ಳ ಯಾವ ಯಂತ್ರವೂ ಹೊರಡುವ ಕ್ಷಣದಲ್ಲಿ ನಡೆಯುವಾಗಿನದರ ಮೂರು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ವಿದ್ಯುತ್ತನ್ನು ಬೇಡುತ್ತದೆ. ಒಂದು ಅಶ್ವಶಕ್ತಿಯ ಬಾವಿ ಪಂಪು ನಡೆಯುವಾಗ ಎಳೆಯುವುದು ಸುಮಾರು 1100 ವಾಟ್. ಹೊರಡುವಾಗ 3300 ದಾಟುತ್ತದೆ. ಆದುದರಿಂದ ಪಂಪನ್ನೂ ನಡೆಸಬೇಕೆಂದರೆ 3 ಕೆ.ವಿ.ಎ.ಗಿಂತ ಕಡಿಮೆಯದು ಪ್ರಯೋಜನಕ್ಕೆ ಬಾರದು. ಮೊದಲು ಪಂಪು, ಅನಂತರ ಫ್ರಿಜ್ಜು, ಕೊನೆಗೆ ದೀಪಗಳು ಎಂಬ ಕ್ರಮದಲ್ಲಿ ಒಂದೊಂದನ್ನೇ ಹಾಕಬೇಕು. ವಿದ್ಯುತ್ತಿರುವಾಗಲೇ ಮೇಲಿನ ತೊಟ್ಟಿಯನ್ನು ತುಂಬಿಸಿಡುವ ಪದ್ಧತಿಯಿದ್ದರೆ ಇದರ ಅರ್ಧದಷ್ಟು ಸಾಮರ್ಥ್ಯದ ಯಂತ್ರ ಸಾಕಾಗುತ್ತದೆ. ಸಣ್ಣ ಪೆಟ್ರೋಲ್ ಯಂತ್ರ ಲೀಟರಿಗೆ ಒಂದೂವರೆಯಿಂದ ಎರಡು ಯೂನಿಟ್ಟು ವಿದ್ಯುತ್ತನ್ನಷ್ಟೇ ಕೊಡುವುದರಿಂದ ಅನವಶ್ಯಕವಾಗಿ ದೊಡ್ಡ ಯಂತ್ರ ಕೊಳ್ಳುವುದು ದುಂದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಎರಡೂ ತುದಿಗಳಲ್ಲಿ ಪಿನ್ನುಳ್ಳ ವೈರನ್ನು ಮಾಡಿಸಿ, ಜನರೇಟರಿನಿಂದ ಗೋಡೆಯ ಪ್ಲಗ್ಗಿಗೆ ನೇರವಾಗಿ ವಿದ್ಯುತ್ತು ಕೊಡುವವರನ್ನು ಹಳ್ಳಿಗಳಲ್ಲಿ ನೋಡಿದ್ದೇನೆ. ಹಾಗೆ ಮಾಡಿದಾಗ ಮನೆಯ ವಿದ್ಯುತ್ತು ಮೀಟರನ್ನು ದಾಟಿ ಬೀದಿಯ ತಂತಿಗೆ ಹರಿಯುತ್ತದೆ. ಟ್ರಾನ್ಸ್‌ಫಾರ್ಮರ್ ಎರಡೂ ದಿಕ್ಕಿಗೆ ಕೆಲಸ ಮಾಡುವ ಯಂತ್ರ. 11,000 ವೋಲ್ಟನ್ನು 230ಕ್ಕೆ ಇಳಿಸುವಂತೆಯೇ 230ನ್ನು 11,000ಕ್ಕೆ ಏರಿಸಬಲ್ಲದು. ತಂತಿಯಲ್ಲಿ ವಿದ್ಯುತ್ತಿಲ್ಲವೆಂದು ನಂಬಿ ಮಳೆಯಲ್ಲಿ ಕಂಬವೇರಿದ ಲೈನ್‌ಮನ್ನನ ಪ್ರಾಣ ಅದರಿಂದ ಹೋಗುತ್ತದೆ. ನಮ್ಮ ಮನೆಯ ದೀಪಕ್ಕಾಗಿ ಇನ್ನೊಬ್ಬರ ಮನೆಯ ದೀಪವನ್ನು ಆರಿಸುವ ಹಕ್ಕು ನಮಗಿಲ್ಲ. ಒಂದು ಕಡೆ ಹಾಕಿದರೆ ಇನ್ನೊಂದು ಕಡೆ ತಾನಾಗಿ ಕಡಿಯುವ ಚೇಂಜ್‌ಓವರ್ ಸ್ವಿಚ್ಚನ್ನು ಹಾಕಿಸದೆ ಜನರೇಟರನ್ನು ಮನೆಯ ತಂತಿಗೆ ಸೇರಿಸಲೇಬಾರದು. ಅರ್ಥಿಂಗ್ ಕೂಡ ಸರಿಯಾಗಿರಬೇಕು.

ಅಂತೆಯೇ ಪೆಟ್ರೋಲ್ ಎಂಜಿನ್ನಿನ ಪಂಪನ್ನು ಬಾವಿಯೊಳಕ್ಕೆ ಇಳಿಸಿ ನಡೆಸುವುದು ಆತ್ಮಘಾತಕ. ಕೆಳಗಿಳಿದವನು ಕುಸಿದರೆ, ಅವನನ್ನೆತ್ತಲು ಇಳಿದವನೂ ಕುಸಿಯುತ್ತಾನೆ.

ಸೊಸೈಟಿಯ ಜನರೇಟರ್

ಮುಂಬಯಿಯ ಎತ್ತರದ ಕಟ್ಟಡಗಳಲ್ಲಿ ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪಗಳಿಗಾಗಿ ಸೊಸೈಟಿಯೇ ಡೀಸೆಲ್ ಜನರೇಟರ್ ಇಡುವುದು ಯುಕ್ತ. ಡೀಸೆಲ್ ಎಂಜಿನ್ನೆಂದರೆ ನಮ್ಮವರಿಗೆ ಕಿರ್ಲೋಸ್ಕರರ ನೆನಪಾಗುವುದು ಸಹಜ. 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿ, 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯೊಂದನ್ನು ತೆರೆದ ಲಕ್ಷ್ಮಣರಾವ್ ಕಿರ್ಲೋಸ್ಕರರಿಂದ ಆರಂಭವಾದ ಉದ್ಯಮ ಪರಂಪರೆಯಲ್ಲಿ, ಪುಣೆಯ ಆಯಿಲ್ ಎಂಜಿನ್ ಕಾರ್ಖಾನೆ 1946ರಲ್ಲಿ ಸ್ಥಾಪನೆಗೊಂಡಿತು. ಯಾವ ಸಂಸ್ಥೆಯದೇ ಕೊಳ್ಳಲಿ, ಸದ್ದಡಗಿಸುವ ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ ಸದ್ದು 75 ಡೆಸಿಬಲ್ ಮೀರಬಾರದೆಂಬ ನಿಯಮವಿದೆ. ಹೊಗೆಯ ಬಗ್ಗೆ 2023ರ ಜುಲೈಯಿಂದ ಕಟ್ಟುನಿಟ್ಟಾದ ಹೊಸ ಮಾನದಂಡಗಳು ಜಾರಿಗೆ ಬಂದಿವೆ. ಪ್ರಮಾಣಪತ್ರ ಕೇಳಿ ನೋಡಬೇಕು.

ಯಂತ್ರವನ್ನು ಎಲ್ಲಿಡಬೇಕೆಂಬುದು ಇಲ್ಲಿಯೂ ಮುಖ್ಯ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದುದನ್ನು ನಮ್ಮಲ್ಲಿ ಮರೆತವರಿಲ್ಲ. ಅಂದು ಉಪನಗರಗಳಲ್ಲಿ ನೆಲಮಟ್ಟದ ಮೀಟರ್ ಕೋಣೆಗಳಿಗೂ ಪಂಪ್ ಕೋಣೆಗಳಿಗೂ ನೀರು ನುಗ್ಗಿ, ಮಳೆ ನಿಂತ ಮೇಲೂ ವಿದ್ಯುತ್ತು ಕೊಡಲಾಗಲಿಲ್ಲ. ಪೊಯ್ಸರ್ ನದಿಯ ಆಸುಪಾಸಿನಲ್ಲಿರುವ ನಾವು ಜನರೇಟರನ್ನು ತಳಮಾಳಿಗೆಯಲ್ಲಿಟ್ಟರೆ, ಅದು ಬೇಕಾಗುವ ದಿನವೇ ಮುಳುಗೀತು. ಆ ನೆರೆಯ ಮಟ್ಟಕ್ಕಿಂತ ಮೇಲೆ ಕಟ್ಟೆ ಕಟ್ಟಿ, ಹೊಗೆಕೊಳವೆಯನ್ನು ಯಾರ ಕಿಟಕಿಗೂ ತಾಗದಂತೆ ಎತ್ತರಕ್ಕೆ ಒಯ್ಯಬೇಕು. ಇದಕ್ಕೆ ಹಣವಿಲ್ಲದ ಸಣ್ಣ ಸೊಸೈಟಿಗಳು ಕನಿಷ್ಠ ಪಕ್ಷ ಲಿಫ್ಟಿಗೆ, ವಿದ್ಯುತ್ತು ಹೋದೊಡನೆ ಅದನ್ನು ಹತ್ತಿರದ ಮಾಳಿಗೆಗೆ ತಂದು ಬಾಗಿಲು ತೆರೆಯುವ ಬ್ಯಾಟರಿ ಸಾಧನವನ್ನಾದರೂ ಹಾಕಿಸಬೇಕು.

ಯಂತ್ರ ಕೈಕೊಟ್ಟಾಗ

ಮೆಕ್ಯಾನಿಕನನ್ನು ಕರೆಯುವ ಮೊದಲು ನಾವೇ ನೋಡಬಹುದಾದ ಕೆಲವು ಸಂಗತಿಗಳಿವೆ.

ಪೆಟ್ರೋಲ್ ಜನರೇಟರ್ ಹೊರಡದಿದ್ದರೆ: ಸ್ವಿಚ್ಚು 'ಆನ್' ಇದೆಯೇ, ಪೆಟ್ರೋಲಿನ ಕಾಕ್ ತೆರೆದಿದೆಯೇ, ತಣ್ಣಗಿನ ಎಂಜಿನ್ನಿಗೆ ಚೋಕ್ ಎಳೆದಿದೆಯೇ ನೋಡಿರಿ. ಎಂಜಿನ್ ಆಯಿಲ್ ಕಡಿಮೆಯಾದರೆ ಅನೇಕ ಯಂತ್ರಗಳು ತಾವಾಗಿ ಹೊರಡಲು ನಿರಾಕರಿಸುತ್ತವೆ. ಇದು ದೋಷವಲ್ಲ, ರಕ್ಷಣೆ. ಅನಂತರ ಸ್ಪಾರ್ಕ್ ಪ್ಲಗ್ ಬಿಚ್ಚಿ ಕರಿ ಒರೆಸಿರಿ. ತಿಂಗಳುಗಟ್ಟಲೆ ನಿಂತ ಯಂತ್ರವಾದರೆ ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲು ಅಂಟಾಗಿರುವುದೇ ಕಾರಣವಾಗಿರಬಹುದು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಅದು ತೇವವನ್ನೂ ಹೀರುತ್ತದೆ. ಆದುದರಿಂದ ಮಳೆಗಾಲ ಮುಗಿದು ಯಂತ್ರವನ್ನು ಎತ್ತಿಡುವಾಗ ಪೆಟ್ರೋಲನ್ನು ಪೂರ್ತಿ ಬರಿದು ಮಾಡಿಡಬೇಕು.

ಎಂಜಿನ್ ನಡೆದರೂ ವಿದ್ಯುತ್ತು ಬಾರದಿದ್ದರೆ: ಯಂತ್ರದ ಮೇಲಿನ ಬ್ರೇಕರ್ ಬಿದ್ದಿದೆಯೇ ನೋಡಿರಿ. ಬಿದ್ದಿದ್ದರೆ ಎಲ್ಲ ಭಾರ ತೆಗೆದು ಮೇಲೆತ್ತಿರಿ. ಬ್ರೇಕರ್ ಸರಿಯಿದ್ದೂ ವಿದ್ಯುತ್ತು ಬಾರದಿದ್ದರೆ, ಬಹುಕಾಲ ನಿಂತ ಕಾರಣ ಒಳಗಿನ ಕಾಂತಶಕ್ತಿ ಕುಂದಿರಬಹುದು ಅಥವಾ ವೋಲ್ಟೇಜ್ ನಿಯಂತ್ರಕ ಕೆಟ್ಟಿರಬಹುದು. ಅದು ಬಲ್ಲವರ ಕೆಲಸ.

ಪಂಪು ಹಾಕಿದೊಡನೆ ಉಸಿರುಗಟ್ಟಿ ನಿಂತರೆ: ಭಾರ ಮಿತಿ ಮೀರಿದೆ ಎಂದರ್ಥ. ಕರಿ ಹೊಗೆ ಬಂದರೆ ಗಾಳಿಯ ಫಿಲ್ಟರ್ ಕಟ್ಟಿದೆ ಅಥವಾ ಚೋಕ್ ಹಿಂದಕ್ಕೆ ಸರಿಸಿಲ್ಲ. ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಸಿ ಎಂಜಿನ್ನಿಗೆ ಪೆಟ್ರೋಲು ಹಾಕಿ ಬೆಂಕಿ ಹತ್ತಿಸಿಕೊಂಡವರಿದ್ದಾರೆ; ನಿಲ್ಲಿಸಿ, ತಣಿಯಲು ಬಿಟ್ಟೇ ಹಾಕಬೇಕು.

ಇನ್ವರ್ಟರ್ ಬೇಗ ಸೋತರೆ: ಬ್ಯಾಟರಿಯ ನೀರಿನ ಮಟ್ಟ ನೋಡಿ, ಡಿಸ್ಟಿಲ್ಡ್ ವಾಟರನ್ನು ಮಾತ್ರ ಹಾಕಿರಿ. ನಲ್ಲಿ ನೀರಾಗಲಿ ಆಸಿಡ್ ಆಗಲಿ ಹಾಕಕೂಡದು. ತುದಿಗಳಲ್ಲಿ ಬಿಳಿ ಹಸಿರು ಕಿಲುಬು ಕಟ್ಟಿದ್ದರೆ, ಸಂಪರ್ಕ ಕಡಿದು, ಬಿಸಿನೀರಿನಿಂದ ತೊಳೆದು, ಒಣಗಿಸಿ, ವ್ಯಾಸಲೀನ್ ಸವರಿರಿ. ಪೂರ್ತಿ ಚಾರ್ಜಾದ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಹೈಡ್ರೋಮೀಟರ್ 1.24ರ ಆಸುಪಾಸಿನಲ್ಲಿರಬೇಕು, ಆರು ಕೋಣೆಗಳ ಪೈಕಿ ಒಂದರಲ್ಲಿ ಮಾತ್ರ ಅಂಕೆ ತೀರ ಕಡಿಮೆಯಿದ್ದರೆ ಆ ಕೋಣೆ ಸತ್ತಿದೆ, ಬ್ಯಾಟರಿ ಬದಲಾಯಿಸಬೇಕು.

ಸೊಸೈಟಿಯ ಡೀಸೆಲ್ ಯಂತ್ರ ಹೊರಡದಿರುವುದಕ್ಕೆ ಅತಿ ಸಾಮಾನ್ಯ ಕಾರಣ ಅದನ್ನು ಹೊರಡಿಸುವ ಸಣ್ಣ ಬ್ಯಾಟರಿ ಸತ್ತಿರುವುದು. ಲಕ್ಷಾಂತರ ರೂಪಾಯಿಯ ಯಂತ್ರ ಒಂದು ಬ್ಯಾಟರಿಯ ಆರೈಕೆಯಿಲ್ಲದೆ ನಿಲ್ಲುತ್ತದೆ.

ರೋಗಿಗಳಿರುವ ಮನೆಯವರು ಗಮನಿಸಬೇಕಾದುದು

ಬದಲಿ ವ್ಯವಸ್ಥೆಯೆಂದರೆ ಯಾವಾಗಲೂ ವಿದ್ಯುತ್ತೇ ಆಗಬೇಕೆಂದಿಲ್ಲ. 'ಬಿ' ಮಾದರಿಯ ಸಣ್ಣ ಆಕ್ಸಿಜನ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಅನಿಲವಿರುತ್ತದೆ. ವೈದ್ಯರು ನಿಮಿಷಕ್ಕೆ 2 ಲೀಟರ್ ಹೇಳಿದ್ದರೆ ಅದು ಹನ್ನೆರಡು ಗಂಟೆ ಬಾಳುತ್ತದೆ. ಮೇಲೆ ಲೆಕ್ಕ ಹಾಕಿದ ಬ್ಯಾಟರಿಯ ಎರಡು ಗಂಟೆಯೊಡನೆ ಇದನ್ನು ಹೋಲಿಸಿ ನೋಡಿರಿ. ಯಂತ್ರವನ್ನು ನಂಬಿದ ರೋಗಿಯ ಮನೆಯಲ್ಲಿ ರೆಗ್ಯುಲೇಟರ್ ಸಹಿತ ತುಂಬಿದ ಸಿಲಿಂಡರೊಂದು ಗೋಡೆಗೆ ಸರಪಳಿಯಿಂದ ಬಿಗಿದು, ಒಲೆ ದೀಪಗಳಿಂದ ದೂರದಲ್ಲಿ ಇರಲೇಬೇಕು.

ಮಧುಮೇಹಿಗಳು ಇನ್ಸುಲಿನ್‌ಗಾಗಿ ಕಂಗೆಡಬೇಕಾಗಿಲ್ಲ. ಬಾಗಿಲು ತೆರೆಯದಿದ್ದರೆ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪಾಗಿರುತ್ತದೆ. ಬಳಕೆಯಲ್ಲಿರುವ ಇನ್ಸುಲಿನ್ ಶೀಶೆ ಸಾಮಾನ್ಯವಾಗಿ ಹೊರಗೆ ತಂಪಾದ ಜಾಗದಲ್ಲಿ ನಾಲ್ಕು ವಾರ ಕೆಡುವುದಿಲ್ಲ. ನಿಮ್ಮ ಔಷಧಿಯ ಮಿತಿಯನ್ನು ಅದರ ಕಾಗದದಲ್ಲಿ ನೋಡಿಕೊಳ್ಳಿರಿ. ಅಗಲ ಬಾಯಿಯ ಮಣ್ಣಿನ ಮಡಕೆಯ ನೀರಿನಲ್ಲಿ, ಶೀಶೆಗೆ ನೀರು ತಾಗದಂತೆ ಡಬ್ಬಿಯಲ್ಲಿಟ್ಟು ತೇಲಿಬಿಡುವ ನಮ್ಮ ಹಿರಿಯರ ಉಪಾಯ ಇಂದಿಗೂ ಒಳ್ಳೆಯದು. ನೆಬ್ಯುಲೈಸರ್ ಬಳಸುವ ಅಸ್ತಮಾ ರೋಗಿಗಳು ಕೈಯಿಂದೊತ್ತುವ ಇನ್‌ಹೇಲರ್ ಹಾಗೂ ಸ್ಪೇಸರನ್ನು ವೈದ್ಯರ ಸಲಹೆಯಂತೆ ಇಟ್ಟುಕೊಂಡರೆ ವಿದ್ಯುತ್ತಿನ ಹಂಗೇ ಇರದು.

ತಿಂಗಳಿಗೊಮ್ಮೆ ಕತ್ತಲೆ

ಕೊನೆಯದಾಗಿ ಒಂದು ವಿನಂತಿ. ಪ್ರತಿ ತಿಂಗಳ ಮೊದಲನೆಯ ಭಾನುವಾರ, ಮನೆಯವರೆಲ್ಲರೂ ಇರುವಾಗ, ಅರ್ಧ ಗಂಟೆಯ ಮಟ್ಟಿಗೆ ಮೈನ್ ಸ್ವಿಚ್ಚನ್ನು ನೀವೇ ಆರಿಸಿರಿ. ಯಾವ ಫ್ಯಾನು ತಿರುಗುವುದು, ಯಾವ ಪ್ಲಗ್ಗು ಜೀವಂತವಿದೆ, ಬ್ಯಾಟರಿ ಎಷ್ಟು ಇಳಿಯಿತು, ಟಾರ್ಚು ಎಲ್ಲಿದೆ, ಸಿಲಿಂಡರನ್ನು ತೆರೆಯಲು ಮಗಳಿಗೆ ಬರುತ್ತದೆಯೇ, ಇದೆಲ್ಲ ಆ ಅರ್ಧ ಗಂಟೆಯಲ್ಲಿ ತಿಳಿದುಹೋಗುತ್ತದೆ. ಊರಿನಲ್ಲಿ ಜನರೇಟರಿದ್ದರೆ ಅದೇ ದಿನ ಫೋನು ಮಾಡಿ, ಅಂಗಳದಲ್ಲಿ ಹದಿನೈದು ನಿಮಿಷ ಭಾರ ಹಾಕಿ ನಡೆಸಲು ಹೇಳಿರಿ. ತಂದೆತಾಯಿಗಳೊಡನೆ ಮಾತಾಡಿದಂತೆಯೂ ಆಗುವುದು.

ಏಳನೆಯ ಮಾಳಿಗೆಯ ಆ ತಾಯಿ ಇಂದು ನಮ್ಮೊಡನಿಲ್ಲ. ಆದರೆ ಅಂದಿನ ಪ್ರಸಂಗದ ಬಳಿಕವೂ ಅವರು ಎರಡು ಮಳೆಗಾಲ ನೋಡಿದರು. ಆ ಮನೆಯಲ್ಲಿ ಆಮೇಲೆ ದೊಡ್ಡ ಯಂತ್ರವೇನೂ ಬರಲಿಲ್ಲ. ಪ್ಲಗ್ಗಿನ ಮೇಲೆ ಒಂದು ಕೆಂಪು ಬೊಟ್ಟು, ಮಂಚದ ಬದಿಯಲ್ಲಿ ಒಂದು ಸಿಲಿಂಡರು, ಕ್ಯಾಲೆಂಡರಿನಲ್ಲಿ ಬ್ಯಾಟರಿಗೆ ನೀರು ಹಾಕುವ ದಿನದ ಗುರುತು ಇಷ್ಟೇ ಬಂದುವು. ಮತ್ತೆ ಕೆಲವು ಬಾರಿ ವಿದ್ಯುತ್ತು ಹೋಯಿತು. ಅವರ ಉಸಿರಿಗೆ ತೊಂದರೆಯಾಗಲಿಲ್ಲ. ಈ ಸಂಚಿಕೆಯನ್ನು ಓದುವ ಪ್ರತಿಯೊಂದು ಮನೆಯಲ್ಲಿಯೂ ಇಷ್ಟು ಸಿದ್ಧತೆಯಾದರೆ ಲೇಖಕನ ಶ್ರಮ ಸಾರ್ಥಕ. ಎಲ್ಲರ ಮನೆಯ ದೀಪಗಳೂ ಬೆಳಗುತ್ತಿರಲಿ, ಎಲ್ಲರಿಗೂ ಆರೋಗ್ಯ ಲಭಿಸಲಿ ಎಂದು ಹಾರೈಸುತ್ತೇನೆ.